ಒಟಿಪಿ ಯಾಕೆ ಮರೆಯುತ್ತೆ, ಅಮ್ಮನ ಮದುವೆ ಯಾಕೆ ಮರೆಯಲ್ಲ?

ಹೋದ ತಿಂಗಳು ನಿದ್ದೆಯ ಬಗ್ಗೆ ಬರೆಯುವಾಗ ನೆನಪಿನ ವಿಷಯ ಒಂದು ಸಾಲು ಬಂದಿತ್ತು. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಎಲ್ಲದಕ್ಕೂ ಉತ್ತರಿಸಲು ಜಾಗ ಸಾಲದು, ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇನೆ. ಮೂವತ್ತು ವರ್ಷ ಶರೀರಶಾಸ್ತ್ರ ಪಾಠ ಮಾಡಿದ ಬಾಯಿ ಇದು, ಅಲ್ಲಲ್ಲಿ ಉತ್ತರ ಉದ್ದವಾದರೆ ಸಹಿಸಿಕೊಳ್ಳಿ.

ಪ್ರಶ್ನೆ: ಮೇಷ್ಟ್ರೇ, ಫೋನಿಗೆ ಒಟಿಪಿ ಬರುತ್ತೆ. ನೋಡ್ತೀನಿ. ಬ್ಯಾಂಕಿನ ಆ್ಯಪ್‌ಗೆ ವಾಪಸ್ ಹೋಗೋಷ್ಟರಲ್ಲಿ ಮರೆತೇ ಹೋಗಿರುತ್ತೆ. ಆದರೆ ತವರುಮನೆಯ ಲ್ಯಾಂಡ್‌ಲೈನ್ ನಂಬರ್, ಆ ಫೋನ್ ಕಿತ್ತು ಹಾಕಿ ಹದಿನೈದು ವರ್ಷ ಆಯ್ತು, ಈಗಲೂ ಬಾಯಲ್ಲಿದೆ. ನನಗೀಗ ಐವತ್ತೆರಡು. ಹೆದರಬೇಕಾ?
– ಗೃಹಿಣಿ, ತುಮಕೂರು

ಉತ್ತರ: ಹೆದರಬೇಡಿ. ಒಟಿಪಿ ಮರೆಯೋದು ಕಾಯಿಲೆ ಅಲ್ಲ, ಮಿದುಳು ಇರೋದೇ ಹಾಗೆ. ಆರು ಅಂಕಿ ನೋಡಿದಿರಿ ಅಂದ ಮಾತ್ರಕ್ಕೆ ಅದು ಒಳಗೆ ಎಲ್ಲೋ ಬರೆದಿಟ್ಟಂತೆ ಆಗುವುದಿಲ್ಲ. ಹಣೆಯ ಹಿಂದಿರುವ ಮಿದುಳಿನ ಭಾಗ, ಇನ್ನೂ ಕೆಲವು ಭಾಗಗಳ ಜತೆ ಸೇರಿಕೊಂಡು, ಅದನ್ನು ಸ್ವಲ್ಪ ಹೊತ್ತು ಹಿಡಿದಿಟ್ಟಿರುತ್ತದೆ, ಅಷ್ಟೇ. ಬೊಗಸೆಯಲ್ಲಿ ನೀರು ಹಿಡಿದ ಹಾಗೆ. ನಡುವೆ ಯಾರಾದರೂ ‘ಇದನ್ನು ಸ್ವಲ್ಪ ಹಿಡ್ಕೊಳ್ಳಿ’ ಅಂದರೆ ಮುಗೀತು.

ನನ್ನದೇ ಕತೆ ಕೇಳಿ. ಮೊನ್ನೆ ಗ್ಯಾಸ್ ಸಿಲಿಂಡರಿಗೆ ದುಡ್ಡು ಕಟ್ಟುತ್ತಿದ್ದೆ. ‘ಸೆವೆನ್ ಟೂ ನೈನ್, ಫೋರ್ ಫೋರ್ ಒನ್’ ಅಂತ ಗೊಣಗಿಕೊಳ್ಳುತ್ತಾ ಕನ್ನಡಕ ಹುಡುಕುತ್ತಿದ್ದಾಗ ಗೇಟಿನ ಹತ್ತಿರದಿಂದ ಹಾಲಿನವನು ‘ಸಾರ್, ನಾಳೆಯಿಂದ ಅರ್ಧ ಲೀಟರಾ, ಒಂದಾ?’ ಅಂದ. ‘ಅರ್ಧ ಸಾಕಪ್ಪಾ’ ಅಂದೆ. ಫೋನಿನ ಕಡೆ ತಿರುಗಿದರೆ ತಲೆಯಲ್ಲಿ ಉಳಿದಿದ್ದು ಅರ್ಧ ಲೀಟರ್ ಮಾತ್ರ.

ಈ ಹಾಲಿನವನ ಪ್ರಯೋಗವನ್ನು 1959ರಲ್ಲೇ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಪೀಟರ್ಸನ್ ದಂಪತಿ ಮಾಡಿ ನೋಡಿದ್ದರು. ಬರೀ ಮೂರು ಅಕ್ಷರ ಹೇಳುವುದು, ತಕ್ಷಣ ಯಾವುದೋ ಸಂಖ್ಯೆಯಿಂದ ಮೂರು ಮೂರು ಕಳೆಯುತ್ತಾ ಹಿಂದಕ್ಕೆ ಎಣಿಸಲು ಹೇಳುವುದು. ಎಣಿಸುತ್ತಾ ಇರುವವರಿಗೆ ಮನಸ್ಸಿನಲ್ಲಿ ಆ ಅಕ್ಷರಗಳನ್ನು ಗೊಣಗಿಕೊಳ್ಳಲು ಆಗುವುದಿಲ್ಲ. ಹದಿನೆಂಟು ಸೆಕೆಂಡಿಗೆ ಬಹುತೇಕ ಎಲ್ಲರೂ ಮರೆತಿದ್ದರು. ಮೂರೇ ಮೂರು ಅಕ್ಷರ! ನಿಮ್ಮ ಒಟಿಪಿಯಲ್ಲಿ ಆರಿದೆ.

ಒಂದು ಸಲಕ್ಕೆ ಎಷ್ಟು ಹಿಡಿಯಬಹುದು ಅನ್ನುವುದಕ್ಕೆ 1956ರಲ್ಲಿ ಜಾರ್ಜ್ ಮಿಲ್ಲರ್ ಅನ್ನುವ ಮನಶ್ಶಾಸ್ತ್ರಜ್ಞ ಏಳು ಅಂದ, ಎರಡು ಹೆಚ್ಚು ಕಡಿಮೆ. ಆಮೇಲೆ 2001ರಲ್ಲಿ ನೆಲ್ಸನ್ ಕೋವನ್ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದ. ಆದರೆ ನಾಲ್ಕು ಏನು ಅನ್ನೋದು ನಮ್ಮ ಕೈಯಲ್ಲಿದೆ. 7, 2, 9, 4, 4, 1 ಅಂದರೆ ಆರು. ಏಳುನೂರ ಇಪ್ಪತ್ತೊಂಬತ್ತು, ನಾನೂರ ನಲವತ್ತೊಂದು ಅಂದರೆ ಎರಡೇ ಗಂಟು.

ಇನ್ನೊಂದು ಮಜಾ ಇದೆ. ಮನಸ್ಸಿನಲ್ಲಿ ಗೊಣಗಿಕೊಂಡು ಹಿಡಿದಿಡುವ ನೆನಪಿಗೆ ಸುಮಾರು ಎರಡು ಸೆಕೆಂಡಿನಲ್ಲಿ ಹೇಳಿ ಮುಗಿಸುವಷ್ಟು ಮಾತ್ರ ಹಿಡಿಯುತ್ತದೆ ಅಂತ 1975ರಲ್ಲಿ ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಜತೆಗಾರರು ತೋರಿಸಿದರು. ‘ನೈನ್’ ಅನ್ನುವಷ್ಟರಲ್ಲಿ ‘ಒಂಬತ್ತು’ ಅರ್ಧ ಆಗಿರುತ್ತದೆ. ಮನೆಯಲ್ಲಿ ಅಚ್ಚ ಕನ್ನಡ ಮಾತಾಡುವವರೂ ಫೋನ್ ನಂಬರನ್ನು ಮಾತ್ರ ಇಂಗ್ಲಿಷಿನಲ್ಲೇ ಹೇಳುತ್ತಾರಲ್ಲ, ಅದಕ್ಕೆ ಶಾಲೆ, ಕಚೇರಿ ಅಭ್ಯಾಸ ಎಲ್ಲ ಕಾರಣವೇ ಇರಬಹುದು, ಆದರೆ ಗೊಣಗಲು ಸುಲಭ ಅನ್ನೋದೂ ಒಂದು ಅಂತ ನನಗೆ ಅನುಮಾನ.

ತವರಿನ ನಂಬರಿನ ಕತೆ ಬೇರೆ. ಅದನ್ನು ನೀವು ಒಂದೇ ದಿನ ನೂರು ಸಲ ಉರು ಹೊಡೆದಿದ್ದಲ್ಲ. ವಾರಕ್ಕೆರಡು ಸಲ, ವರ್ಷಗಟ್ಟಲೆ, ಪ್ರತಿ ಸಲವೂ ಡೈರಿ ನೋಡದೆ ತಲೆಯಿಂದಲೇ ತೆಗೆದು ಒತ್ತಿದ್ದು. ಆ ಕಡೆ ಅಮ್ಮ ‘ಹಲೋ’ ಅನ್ನುತ್ತಿದ್ದರು. ಅದು ಬೊಗಸೆಯ ನೀರಲ್ಲ, ಮಿದುಳಿನ ಜೋಡಣೆಯನ್ನೇ ಬದಲಿಸಿದ ನೆನಪು. ಹೇಗೆ ಬದಲಿಸಿತು ಅನ್ನೋದು ಮುಂದೆ ಬರುತ್ತದೆ.

ಅಡುಗೆಮನೆಗೆ ಹೋಗಿ ‘ಯಾಕೆ ಬಂದೆ?’ ಅಂತ ನಿಲ್ಲುವವರೂ ತುಂಬಾ ಜನ ಬರೆದಿದ್ದೀರಿ. ಅಲ್ಲೂ ಇದೇ, ದಾರಿಯಲ್ಲಿ ಬೇರೆ ಯೋಚನೆಯೊಂದು ಹಾಲಿನವನಾಗಿ ಬಂದಿರುತ್ತದೆ. ಹೊರಟ ಜಾಗಕ್ಕೇ ವಾಪಸ್ ಹೋಗಿ ನಿಂತು ನೋಡಿ, ಎಷ್ಟೋ ಸಲ ನೆನಪಾಗುತ್ತದೆ. ಜಾಗಕ್ಕೂ ನೆನಪಿಗೂ ಗಂಟು ಇದೆ. 1975ರಲ್ಲಿ ಸ್ಕಾಟ್ಲೆಂಡಿನಲ್ಲಿ ಮುಳುಗುಗಾರರಿಗೆ ನೀರಿನೊಳಗೆ ಒಂದಷ್ಟು ಪದ ಕಲಿಸಿ ಪರೀಕ್ಷೆ ಮಾಡಿದರು. ದಡಕ್ಕಿಂತ ನೀರಿನೊಳಗೇ ಅವರಿಗೆ ಆ ಪದಗಳು ಚೆನ್ನಾಗಿ ನೆನಪಿಗೆ ಬಂದವು.

ಪ್ರಶ್ನೆ: ಸರ್, ಶಾರ್ಟ್ ಟರ್ಮ್ ಮೆಮೊರಿ ಅಂದ್ರ ರ‍್ಯಾಮ್, ಲಾಂಗ್ ಟರ್ಮ್ ಅಂದ್ರ ಹಾರ್ಡ್ ಡಿಸ್ಕ್, ಹೌದಲ್ರೀ? ಹಂಗಾದ್ರ ಮಿದುಳಿನ್ಯಾಗ ಹಾರ್ಡ್ ಡಿಸ್ಕ್ ಎಲ್ಲಿ ಐತಿ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಅರ್ಧ ಹೌದು ತಮ್ಮಾ. ಎರಡೂ ಬೇರೆ ಬೇರೆ ಅನ್ನೋದು ನಿಜ. ಆದರೆ ಹಾರ್ಡ್ ಡಿಸ್ಕ್ ಅಂತ ಬಿಚ್ಚಿ ತೋರಿಸುವ ಒಂದು ಡಬ್ಬಿ ಇಲ್ಲ. ಇದು ನಮಗೆ ಗೊತ್ತಾಗಿದ್ದು ಒಬ್ಬ ಮನುಷ್ಯನಿಂದ, ಅವನ ದುರದೃಷ್ಟದಿಂದ.

ಹೆನ್ರಿ ಮೊಲೈಸನ್ ಅಂತ. ಬದುಕಿರುವವರೆಗೆ ಪುಸ್ತಕಗಳಲ್ಲಿ ಬರೀ ‘ಎಚ್.ಎಂ.’ ಅಂತ ಬರುತ್ತಿತ್ತು. ನಾನು ಪಾಠ ಮಾಡುವಾಗಲೂ ಹೆಸರು ಗೊತ್ತಿರಲಿಲ್ಲ, ಅವನು 2008ರಲ್ಲಿ ತೀರಿಕೊಂಡ ಮೇಲೆ ಹೊರಬಂತು. ಅವನಿಗೆ ವಿಪರೀತ ಮೂರ್ಛೆರೋಗ. ಔಷಧಿಗೆ ಬಗ್ಗಲಿಲ್ಲ. 1953ರಲ್ಲಿ, ಅವನಿಗೆ ಇಪ್ಪತ್ತೇಳು ವರ್ಷ ಇದ್ದಾಗ, ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ವಿಲಿಯಂ ಸ್ಕೋವಿಲ್ ಅನ್ನುವ ಸರ್ಜನ್ ಅವನ ಎರಡೂ ಕಿವಿಗಳ ಒಳಬದಿಯಲ್ಲಿ ಬರುವ ಮಿದುಳಿನ ಭಾಗ ತೆಗೆದುಹಾಕಿದ. ಅದರಲ್ಲಿ ಹಿಪೊಕ್ಯಾಂಪಸ್‌ನ ಬಹುಪಾಲು ಹೋಯಿತು. ನೋಡಲು ಕಡಲ ಕುದುರೆಯ ಹಾಗೆ ಬಾಗಿರುತ್ತದೆ ಅಂತ ಅದಕ್ಕೆ ಆ ಹೆಸರು.

ಮೂರ್ಛೆ ಕಡಿಮೆಯಾಯಿತು. ಬುದ್ಧಿ ಚೆನ್ನಾಗಿಯೇ ಇತ್ತು, ಮಾತು ಚೆನ್ನಾಗಿಯೇ ಇತ್ತು, ತಮಾಷೆ ಮಾಡುತ್ತಿದ್ದ. ಬಾಲ್ಯದ ವಿಷಯ ನೆನಪಿತ್ತು. ಆದರೆ ಹೊಸದೊಂದೂ ಉಳಿಯಲಿಲ್ಲ. ಬೆಳಿಗ್ಗೆ ಪರಿಚಯವಾದ ಡಾಕ್ಟರು ಒಂದು ಸುತ್ತು ಹೊರಗೆ ಹೋಗಿ ಬಂದರೆ ಮತ್ತೆ ಹೊಸಬರು. ಕೆನಡಾದ ಮಾಂಟ್ರಿಯಲ್‌ನಿಂದ ಬ್ರೆಂಡಾ ಮಿಲ್ನರ್ ಅನ್ನುವ ಮನಶ್ಶಾಸ್ತ್ರಜ್ಞೆ ಅವನನ್ನು ಪರೀಕ್ಷಿಸಲು ಬರುತ್ತಿದ್ದರು. ಎಷ್ಟು ಸಲ ಬಂದರೂ ಅವನ ಪಾಲಿಗೆ ಅದೇ ಮೊದಲ ಭೇಟಿ.

ಒಂದು ದಿನ ಮಿಲ್ನರ್ ಅವನಿಗೆ ಒಂದು ಸಂಖ್ಯೆ ಕೊಟ್ಟರು: 584. ಹದಿನೈದು ನಿಮಿಷ ಸುಮ್ನೆ ಕೂತಿದ್ದ. ಕೇಳಿದರೆ ಸರಿಯಾಗಿ ಹೇಳಿದ! ಹೇಗಪ್ಪಾ ಅಂದರೆ, ಅವನು ಲೆಕ್ಕ ಕಟ್ಟಿಕೊಂಡಿದ್ದ. ಐದು, ಎಂಟು, ನಾಲ್ಕು ಕೂಡಿದರೆ ಹದಿನೇಳು. ಎಂಟನ್ನು ನೆನಪಿಟ್ಟುಕೋ, ಹದಿನೇಳರಿಂದ ಕಳೆ, ಉಳಿದಿದ್ದು ಒಂಬತ್ತು, ಅದನ್ನು ಒಡೆದರೆ ಐದು ಮತ್ತು ನಾಲ್ಕು. ಇದನ್ನೇ ತಲೆಯಲ್ಲಿ ಸುತ್ತಿಸುತ್ತಾ ಕೂತಿದ್ದ. ಬೊಗಸೆ ಬಿಡಲಿಲ್ಲ, ನೀರು ಹೋಗಲಿಲ್ಲ. ಆಮೇಲೆ ಮಾತು ಬೇರೆ ಕಡೆ ತಿರುಗಿತು. ಸ್ವಲ್ಪ ಹೊತ್ತಿಗೆ ಸಂಖ್ಯೆ ಹೋಗಲಿ, ಸಂಖ್ಯೆಯೊಂದನ್ನು ಕೊಟ್ಟಿದ್ದರು ಅನ್ನೋದೇ ಅವನಿಗೆ ನೆನಪಿರಲಿಲ್ಲ. ಅಲ್ಪಾವಧಿ ನೆನಪು ಗಟ್ಟಿಯಾಗಿದೆ, ಅದನ್ನು ದೀರ್ಘಾವಧಿಗೆ ದಾಟಿಸುವ ಸೇತುವೆ ಮಾತ್ರ ಇಲ್ಲ. ನಿನ್ನ ಪ್ರಶ್ನೆಯ ‘ಅರ್ಧ ಹೌದು’ ಇದೇ.

ಇನ್ನರ್ಧ ಕೇಳು. ಕನ್ನಡಿಯಲ್ಲಿ ಮಾತ್ರ ಕೈ ನೋಡುತ್ತಾ ನಕ್ಷತ್ರದ ಚಿತ್ರದ ಅಂಚಿನಗುಂಟ ಪೆನ್ಸಿಲ್ ಎಳೆಯುವ ಕೆಲಸ ಅವನಿಗೆ ಕೊಟ್ಟರು. ಮಾಡಿ ನೋಡು, ಕೈ ಬೇಕಾದ್ದಕ್ಕೆ ಉಲ್ಟಾ ಹೋಗುತ್ತದೆ, ತಲೆ ಕೆಡುತ್ತದೆ. ಎಚ್.ಎಂ. ಮೊದಲ ದಿನ ತಡಕಾಡಿದ. ಮೂರನೇ ದಿನ ಸಲೀಸಾಗಿ ಎಳೆದ. ಆದರೆ ಇದನ್ನು ಮೊದಲೂ ಮಾಡಿದ್ದೇನೆ ಅನ್ನೋದು ಅವನಿಗೆ ಗೊತ್ತೇ ಇರಲಿಲ್ಲ. ಕೈಗೆ ನೆನಪಿದೆ, ಅವನಿಗೆ ನೆನಪಿಲ್ಲ! ಅಂದರೆ ಸೈಕಲ್ ಹೊಡೆಯೋದು, ಚಪಾತಿ ಲಟ್ಟಿಸೋದು, ತಬಲಾ ಬಾರಿಸೋದು ಇಂಥ ಕಸುಬಿನ ನೆನಪುಗಳ ದಾರಿಯೇ ಬೇರೆ. ಅದಕ್ಕೆ ಹಿಪೊಕ್ಯಾಂಪಸ್ ಬೇಡ. ಕಿರುಮಿದುಳು ಮತ್ತು ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಸಾಕು. ಹಳೆಯ ಘಟನೆಗಳ ನೆನಪೂ ಹಿಪೊಕ್ಯಾಂಪಸ್‌ನಲ್ಲಿ ಪೇರಿಸಿಟ್ಟಿಲ್ಲ, ಇಟ್ಟಿದ್ದರೆ ಅವನ ಬಾಲ್ಯವೂ ಹೋಗಬೇಕಿತ್ತು. ಮಾವಿನಹಣ್ಣಿನ ಬಣ್ಣ ನೋಟದ ಭಾಗದಲ್ಲಿ, ವಾಸನೆ ಇನ್ನೊಂದು ಕಡೆ, ಹೆಸರು ಮತ್ತೊಂದು ಕಡೆ, ಅದನ್ನು ಕದಿಯಲು ಹೋಗಿ ಬಿದ್ದ ಹೆದರಿಕೆ ಅಮಿಗ್ಡಲಾ ಅನ್ನುವ ಭಾಗದಲ್ಲಿ. ಹೊಸದರಲ್ಲಿ ಇವುಗಳನ್ನೆಲ್ಲ ಒಂದು ದಾರಕ್ಕೆ ಪೋಣಿಸುವುದು ಹಿಪೊಕ್ಯಾಂಪಸ್ ಕೆಲಸ.

ಸತ್ತ ಮೇಲೂ ಅವನ ಮಿದುಳಿಗೆ ಬಿಡುವು ಸಿಗಲಿಲ್ಲ. ಸ್ಯಾನ್ ಡಿಯೇಗೊದಲ್ಲಿ ಅದನ್ನು ಹಪ್ಪಳಕ್ಕಿಂತ ತೆಳ್ಳಗೆ 2401 ಪದರಗಳಾಗಿ ಕೊಯ್ದು ಇಟ್ಟರು.

ಪ್ರಶ್ನೆ: ನೆನಪು ಉಳಿಯಿತು ಅಂದರೆ ಒಳಗೆ ನಿಜವಾಗಿ ಏನು ಬದಲಾಗುತ್ತದೆ? ರಾಸಾಯನಿಕವೇ, ವಿದ್ಯುತ್ತೇ, ಹೊಸ ಜೀವಕೋಶವೇ? ದಯವಿಟ್ಟು ‘ನರಗಳು ಬಲಗೊಳ್ಳುತ್ತವೆ’ ಅಂತ ತೇಲಿಸಬೇಡಿ.
– ನಿವೃತ್ತ ಶಿಕ್ಷಕರು, ಪುತ್ತೂರು

ಉತ್ತರ: ಸಾರ್, ತೇಲಿಸುವುದಿಲ್ಲ. ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅಷ್ಟರಲ್ಲಿ ಒಂದು ನೆನಪು ಹುಡುಕೋದು ಜಾತ್ರೆಯಲ್ಲಿ ಮೂಗುತಿ ಹುಡುಕಿದ ಹಾಗೆ. ಅದಕ್ಕೇ ಎರಿಕ್ ಕ್ಯಾಂಡೆಲ್ ಅನ್ನುವ ವಿಜ್ಞಾನಿ ಅಪ್ಲೀಸಿಯಾ ಅನ್ನುವ ಸಮುದ್ರದ ಗೊಂಡೆಹುಳ ಹಿಡಿದು ಕೂತ. ಅದಕ್ಕಿರೋದು ಸುಮಾರು 20 ಸಾವಿರ ನರಕೋಶ, ಅವೂ ದಪ್ಪ ದಪ್ಪ. ಮುಟ್ಟಿದರೆ ಕಿವಿರು ಒಳಗೆಳೆದುಕೊಳ್ಳುತ್ತದೆ. ಬಾಲಕ್ಕೆ ಒಂದು ಶಾಕ್ ಕೊಟ್ಟು ಆಮೇಲೆ ಮೆಲ್ಲಗೆ ಮುಟ್ಟಿದರೂ ಜೋರಾಗಿ ಎಳೆದುಕೊಳ್ಳುತ್ತದೆ, ಆದರೆ ಈ ‘ನೆನಪು’ ಕೆಲವು ನಿಮಿಷ ಮಾತ್ರ. ನಡುವೆ ಬಿಡುವು ಕೊಟ್ಟು ನಾಲ್ಕೈದು ಶಾಕ್ ಕೊಟ್ಟರೆ ದಿನಗಟ್ಟಲೆ ಉಳಿಯುತ್ತದೆ.

ಈ ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಪ್ರಶ್ನೆಗೆ ಉತ್ತರ. ಕೆಲವು ನಿಮಿಷದ ನೆನಪಿನಲ್ಲಿ ಹೊಸದೇನೂ ಕಟ್ಟಿಲ್ಲ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಸಂದಿಯಲ್ಲಿ, ಅಂದರೆ ಸಿನಾಪ್ಸ್‌ನಲ್ಲಿ, ಇದ್ದ ರಾಸಾಯನಿಕವೇ ಸ್ವಲ್ಪ ಜಾಸ್ತಿ ಸುರಿಯುತ್ತದೆ. ದಿನಗಟ್ಟಲೆ ಉಳಿಯುವ ನೆನಪಿನಲ್ಲಿ ಸುದ್ದಿ ನರಕೋಶದ ಬೀಜಕೇಂದ್ರದವರೆಗೂ ಹೋಗುತ್ತದೆ. ಅಲ್ಲಿ ಜೀನ್‌ಗಳು ಚಾಲೂ ಆಗುತ್ತವೆ, ಹೊಸ ಪ್ರೋಟೀನ್ ತಯಾರಾಗುತ್ತದೆ, ಹೊಸ ಸಿನಾಪ್ಸ್‌ಗಳು ಚಿಗುರುತ್ತವೆ. ಕಲಿತ ಹುಳದ ಸ್ಪರ್ಶದ ನರಕೋಶಗಳಲ್ಲಿ ಅವುಗಳ ಸಂಖ್ಯೆ ಸುಮಾರು ಎರಡರಷ್ಟಾಗಿತ್ತು. ಒಂದು ಬಾಡಿಗೆ ಶಾಮಿಯಾನ, ಇನ್ನೊಂದು ತಳಪಾಯ ಹಾಕಿ ಕಟ್ಟಿದ ಮನೆ. ಕ್ಯಾಂಡೆಲ್‌ಗೆ ಇದಕ್ಕೆ 2000ದಲ್ಲಿ ನೊಬೆಲ್ ಬಂತು, ಇನ್ನಿಬ್ಬರ ಜತೆ.

ಹುಳದ ವಿಷಯ ಬಿಡಿ, ನಮ್ಮಂಥ ಸಸ್ತನಿಗಳಲ್ಲಿ? 1973ರಲ್ಲಿ ಟಿಮ್ ಬ್ಲಿಸ್ ಮತ್ತು ಟೆರ್ಯೆ ಲೋಮೊ, ನಾರ್ವೆಯ ಓಸ್ಲೋದಲ್ಲಿ ಮೊಲದ ಹಿಪೊಕ್ಯಾಂಪಸ್‌ಗೆ ಬಿರುಸಾಗಿ ವಿದ್ಯುತ್ ಮಿಡಿತ ಕೊಟ್ಟು ನೋಡಿದ್ದನ್ನು ಪ್ರಕಟಿಸಿದರು. ಆ ಸಿನಾಪ್ಸ್‌ಗಳು ಗಂಟೆಗಟ್ಟಲೆ ಗಟ್ಟಿಯಾಗಿಯೇ ಉಳಿದವು. ಅಲ್ಲಿರುವ ಬಾಗಿಲೊಂದರ ಕತೆಯನ್ನು ಕ್ಲಾಸಿನಲ್ಲಿ ಹೇಳುವಾಗ ನನಗೆ ಪ್ರತಿ ವರ್ಷವೂ ಖುಷಿಯಾಗುತ್ತಿತ್ತು. ಎನ್‌ಎಂಡಿಎ ರಿಸೆಪ್ಟರ್ ಅಂತ ಅದರ ಹೆಸರು. ಆ ಬಾಗಿಲಿಗೆ ಮೆಗ್ನೀಸಿಯಂ ಒಂದು ಬಿರಡೆ ಹಾಗೆ ಸಿಕ್ಕಿಕೊಂಡಿರುತ್ತದೆ. ಆಚೆ ಕೋಶ ಗ್ಲುಟಮೇಟ್ ಅನ್ನುವ ಸುದ್ದಿಯ ರಾಸಾಯನಿಕ ಕಳಿಸಿದ ಮಾತ್ರಕ್ಕೆ ಬಾಗಿಲು ತೆರೆಯದು, ಈಚೆ ಕೋಶ ಆಗಲೇ ಎಚ್ಚೆತ್ತಿರಬೇಕು, ಆಗ ಬಿರಡೆ ಹಾರುತ್ತದೆ. ಎರಡೂ ಒಟ್ಟಿಗೆ ಆದಾಗ ಮಾತ್ರ ಕ್ಯಾಲ್ಸಿಯಂ ಒಳನುಗ್ಗಿ, ಆ ಸಂದಿಯಲ್ಲಿ ಸುದ್ದಿ ಹಿಡಿಯುವ ಕೊಂಡಿಗಳು ಹೆಚ್ಚಾಗುತ್ತವೆ. ‘ಇದೂ ಅದೂ ಒಟ್ಟಿಗೆ ಆಯಿತು’ ಅನ್ನುವುದನ್ನು ಗುರುತು ಮಾಡುವ ಯಂತ್ರ ಅದು. ಗುಡುಗಿನ ಹಿಂದೆ ಮಳೆ ಬರುತ್ತದೆ ಅಂತ ಕಲಿಯಲು ಇದಕ್ಕಿಂತ ಇನ್ನೇನು ಬೇಕು ಹೇಳಿ.

ಕಟ್ಟಡಕ್ಕೆ ಹೊತ್ತು ಬೇಕು ಅನ್ನೋದಕ್ಕೂ ಸಾಕ್ಷಿ ಇದೆ. 1960ರ ದಶಕದಲ್ಲಿ ಮಿಚಿಗನ್‌ನ ಬರ್ನಾರ್ಡ್ ಅಗ್ರನಾಫ್ ಗೋಲ್ಡ್‌ಫಿಷ್‌ಗಳಿಗೆ ಒಂದು ಪಾಠ ಕಲಿಸಿ, ಕೂಡಲೇ ಪ್ರೋಟೀನ್ ತಯಾರಿಕೆ ತಡೆಯುವ ಔಷಧಿ ಚುಚ್ಚಿದ. ಮೀನುಗಳು ಪಾಠ ಮರೆತವು. ಅದೇ ಔಷಧಿಯನ್ನು ಒಂದು ಗಂಟೆ ಬಿಟ್ಟು ಚುಚ್ಚಿದರೆ ಮರೆಯಲಿಲ್ಲ. ಕಾಂಕ್ರೀಟ್ ಸೆಟ್ ಆಗುವ ಮುಂಚೆ ಹೆಜ್ಜೆ ಇಟ್ಟರೆ ಹಾಳು, ಆಮೇಲೆ ಇಟ್ಟರೆ ಏನೂ ಆಗದು.

ಪ್ರಶ್ನೆ: ಮಗ ಎಸ್ಸೆಸ್ಸೆಲ್ಸಿ. ರಾತ್ರಿ ಎರಡರವರೆಗೂ ಓದ್ತಾನೆ, ಹೈಲೈಟರ್‌ನಲ್ಲಿ ಇಡೀ ಪುಸ್ತಕ ಹಳದಿ ಮಾಡಿದ್ದಾನೆ. ಪರೀಕ್ಷೆ ಹಾಲಿನಲ್ಲಿ ಎಲ್ಲ ಖಾಲಿ ಅಂತಾನೆ. ನೆನಪಿನ ಶಕ್ತಿಯೇ ಕಮ್ಮಿಯಾ?
– ತಾಯಿ, ದಾವಣಗೆರೆ

ಉತ್ತರ: ಶಕ್ತಿ ಕಮ್ಮಿ ಇಲ್ಲಮ್ಮ, ಓದುವ ರೀತಿ ಸರಿಯಿಲ್ಲ. ಹಳದಿ ಬಣ್ಣ ಪುಸ್ತಕಕ್ಕೆ ಅಂಟುತ್ತದೆ, ತಲೆಗಲ್ಲ.

ಮೊದಲು ನಿದ್ದೆ. ಹಗಲು ಕಲಿತದ್ದನ್ನು ಮಿದುಳು ರಾತ್ರಿ ಮತ್ತೆ ಓಡಿಸಿ ನೋಡುತ್ತದೆ. ಇದು ಮಾತಿಗೆ ಹೇಳಿದ್ದಲ್ಲ. 1994ರಲ್ಲಿ ವಿಲ್ಸನ್ ಮತ್ತು ಮೆಕ್‌ನಾಟನ್ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಇದನ್ನು ಅಳೆದರು: ಹಗಲು ಓಡಾಡುವಾಗ ಯಾವ ನರಕೋಶಗಳು ಜೊತೆಜೊತೆಯಾಗಿ ಮಿಡಿದಿದ್ದವೋ, ಆಮೇಲೆ ಗಾಢ ನಿದ್ದೆಯಲ್ಲೂ ಅವೇ ಜೊತೆಯಾಗಿ ಮಿಡಿದವು. ಹಿಪೊಕ್ಯಾಂಪಸ್ ಹೀಗೆ ಮತ್ತೆ ಮತ್ತೆ ಹೇಳಿಕೊಟ್ಟು ಮಿದುಳಿನ ಹೊರಪದರಕ್ಕೆ ಪಾಠ ಒಪ್ಪಿಸುತ್ತದೆ. ನಿಮ್ಮ ಮಗ ಎರಡು ಗಂಟೆಯವರೆಗೆ ಓದಿ ಆರಕ್ಕೆ ಎದ್ದರೆ ಆ ಕೆಲಸಕ್ಕೇ ಕತ್ತರಿ.

ಎರಡನೆಯದು, ಓದಿದ್ದನ್ನೇ ಮತ್ತೆ ಓದುವ ಚಾಳಿ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಕಾಲೇಜು ಹುಡುಗರಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನು ಎರಡು ಸಲ ಓದಿದರು. ಕೆಲವರು ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಬರೆದರು. ಐದು ನಿಮಿಷಕ್ಕೆ ಪರೀಕ್ಷೆ ಮಾಡಿದಾಗ ಎರಡು ಸಲ ಓದಿದವರೇ ಮುಂದೆ. ವಾರ ಬಿಟ್ಟು ಮಾಡಿದರೆ ಮುಚ್ಚಿ ಬರೆದವರಿಗೆ ಶೇ 56 ನೆನಪಿತ್ತು, ಓದಿದವರಿಗೆ ಶೇ 42. ಮತ್ತೆ ಮತ್ತೆ ಓದಿದಾಗ ‘ಗೊತ್ತಿದೆ’ ಅಂತ ಅನಿಸೋದು ಪುಟದ ಪರಿಚಯ ಮಾತ್ರ. ಹಿಂದೆ ನಮ್ಮ ಮೇಷ್ಟ್ರುಗಳು ಪಾಠ ಒಪ್ಪಿಸು ಅನ್ನುತ್ತಿದ್ದರಲ್ಲ, ಸಂಜೆ ಜಗಲಿಯಲ್ಲಿ ಮಗ್ಗಿ ಹೇಳಿಸುತ್ತಿದ್ದರಲ್ಲ, ಅದು ಇದೇ. ಬೆತ್ತವೊಂದನ್ನು ಬಿಟ್ಟು ಉಳಿದದ್ದೆಲ್ಲ ಸರಿಯಿತ್ತು.

ಮೂರನೆಯದು ಬಿಡುವು. 1885ರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರು ಹೊಡೆದು, ತಾನೇ ಮರೆತು, ತಾನೇ ಲೆಕ್ಕ ಬರೆದಿಟ್ಟ. ಪುಣ್ಯಾತ್ಮ! ಮೊದಲ ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಜಾಸ್ತಿ ಸೋರಿಹೋಗುತ್ತದೆ, ಆಮೇಲೆ ಸೋರುವುದು ನಿಧಾನ. ಒಂದೇ ಸಲ ಗುದ್ದುವುದಕ್ಕಿಂತ ದಿನಗಳಿಗೆ ಹಂಚಿ ಓದಿದರೆ ಕಮ್ಮಿ ಶ್ರಮ ಸಾಕು ಅನ್ನೋದೂ ಅವನ ಲೆಕ್ಕವೇ. ಕ್ಯಾಂಡೆಲ್‌ನ ಹುಳಕ್ಕೂ ನಡುವೆ ಬಿಡುವು ಕೊಟ್ಟ ಶಾಕ್‌ಗಳೇ ನೆನಪಿದ್ದವು, ನೋಡಿ.

ಪರೀಕ್ಷೆ ಹಾಲಿನ ಖಾಲಿತನದಲ್ಲಿ ಹೆದರಿಕೆಯ ಪಾಲೂ ಇರುತ್ತದೆ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಸುಮಂತ್ರ ಚಟ್ಟರ್ಜಿಯವರ ತಂಡ 2002ರಲ್ಲಿ ಒಂದು ವಿಷಯ ತೋರಿಸಿತು. ಇಲಿಗಳನ್ನು ದಿನಕ್ಕೆರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಕೂಡಿಹಾಕಿದರು. ಹಿಪೊಕ್ಯಾಂಪಸ್‌ನ ನರಕೋಶಗಳ ಕೊಂಬೆಗಳು ಕುಗ್ಗಿದವು, ಹೆದರಿಕೆಯ ಕೇಂದ್ರವಾದ ಅಮಿಗ್ಡಲಾದಲ್ಲಿ ಕೊಂಬೆಗಳು ಬೆಳೆದವು! ನಿಮ್ಮ ಮಗ ಇಲಿ ಅಲ್ಲ, ಸರಿ. ಆದರೂ ದಿನಾ ರಾತ್ರಿ ‘ಪಕ್ಕದ ಮನೆಯವಳಿಗೆ ಎಷ್ಟು ಬಂತು ನೋಡು’ ಅನ್ನುವುದನ್ನು ಮಾರ್ಚ್ ಮುಗಿಯುವವರೆಗಾದರೂ ನಿಲ್ಲಿಸಿ.

ಪ್ರಶ್ನೆ: ಒಂದೆಲಗ ತಿಂದರೆ ನೆನಪಿನ ಶಕ್ತಿ ಹೆಚ್ಚುತ್ತದಾ?
– ಕುಂದಾಪುರ

ಉತ್ತರ: ತಂಬುಳಿ ಚೆನ್ನಾಗಿರುತ್ತದೆ, ತಿನ್ನಿ. ಆದರೆ ಬ್ರಾಹ್ಮಿ ಅಂತ ಒಬ್ಬರು ಒಂದೆಲಗ ತೋರಿಸುತ್ತಾರೆ, ಇನ್ನೊಬ್ಬರು ನೀರುಬ್ರಾಹ್ಮಿ ತೋರಿಸುತ್ತಾರೆ. ಎರಡೂ ಬೇರೆ ಬೇರೆ ಗಿಡ. ಬಾಟಲಿಯಲ್ಲಿ ಯಾವುದಿದೆ ಅಂತ ಮೊದಲು ತಿಳಿದುಕೊಳ್ಳಿ. ತಿಂದ ರಾತ್ರಿಯೇ ಪಾಠ ತಲೆಗೆ ಅಂಟಿಸುವ ಸೊಪ್ಪು ಯಾವುದೂ ಇಲ್ಲ.

ಪ್ರಶ್ನೆ: ಅವಧಾನ ಮಾಡುವವರಿಗೆ ನಮಗಿಲ್ಲದ ಯಾವುದೋ ಮಿದುಳು ಇದೆಯೇ? ಎಂಟು ಜನ ಎಂಟು ಕಡೆಯಿಂದ ಕೇಳುತ್ತಿದ್ದರೂ ಅವರಿಗೆ ಒಂದು ಸಾಲೂ ತಪ್ಪುವುದಿಲ್ಲ.
– ಸಾಗರ

ಉತ್ತರ: ಶತಾವಧಾನಿ ಗಣೇಶ್ ಅವರ ಅವಧಾನವನ್ನು ನಾನೂ ಬಾಯಿಬಿಟ್ಟುಕೊಂಡು ನೋಡಿದವನೇ. ಒಬ್ಬರು ಸಮಸ್ಯೆ ಕೊಡುತ್ತಾರೆ (ಪದ್ಯದ ಕೊನೆಯ ಸಾಲು ಅವರದು, ಉಳಿದದ್ದು ಅವಧಾನಿಯದು), ಒಬ್ಬರು ದತ್ತಪದಿ (ಅವರು ಕೊಟ್ಟ ಪದಗಳು ಪದ್ಯದಲ್ಲಿ ಬರಬೇಕು), ಇನ್ನೊಬ್ಬರು ನಿಷೇಧಾಕ್ಷರಿಯಲ್ಲಿ ಅಕ್ಷರ ಅಕ್ಷರಕ್ಕೂ ಅಡ್ಡಗಾಲು. ಒಂದು ಸುತ್ತಿಗೆ ಪದ್ಯದ ಒಂದು ಸಾಲು, ನಾಲ್ಕು ಸುತ್ತು ಮುಗಿದ ಮೇಲೆ ಎಲ್ಲ ಪದ್ಯಗಳನ್ನೂ ಒಟ್ಟಿಗೆ ಧಾರಣೆ ಮಾಡಿ ಒಪ್ಪಿಸಬೇಕು. ಇದರ ಮಧ್ಯೆ ಸಂಬಂಧವಿಲ್ಲದ ಪ್ರಶ್ನೆ ಎಸೆಯುವ ಅಪ್ರಸ್ತುತ ಪ್ರಸಂಗದವರು ಬೇರೆ. ಅವರ ಕೆಲಸ ಏನು ಅಂದುಕೊಂಡಿರಿ? ನಮ್ಮ ಹಾಲಿನವನದೇ! ಗೊಣಗಿಕೊಳ್ಳಲು ಬಿಡದೆ ಬೊಗಸೆಯ ನೀರು ಚೆಲ್ಲಿಸುವುದು.

ಚೆಲ್ಲುವುದಿಲ್ಲ ಯಾಕೆಂದರೆ ಅವರು ಬೊಗಸೆಯಲ್ಲಿ ಹಿಡಿದಿಲ್ಲ. ಛಂದಸ್ಸು, ಪ್ರಾಸ, ಪುರಾಣ ಎಲ್ಲ ಅವರ ದೀರ್ಘಾವಧಿ ನೆನಪಿನಲ್ಲಿ ದಶಕಗಳಿಂದ ಬೇರುಬಿಟ್ಟಿರುತ್ತವೆ. ಹೊಸ ಸಾಲು ಹುಟ್ಟುತ್ತಿದ್ದಂತೆ ಆ ಹಳೆಯ ಗೂಟಗಳಿಗೆ ಕಟ್ಟಿಬಿಡುತ್ತಾರೆ ಅಂತ ನನ್ನ ಅಂದಾಜು. 1973ರಲ್ಲಿ ಚೇಸ್ ಮತ್ತು ಸೈಮನ್ ಚೆಸ್ ಆಟಗಾರರ ಮೇಲೆ ಮಾಡಿದ ಪ್ರಯೋಗ ಇದಕ್ಕೆ ಹತ್ತಿರ. ನಿಜವಾದ ಆಟದ ಮಣೆಯನ್ನು ಐದು ಸೆಕೆಂಡ್ ತೋರಿಸಿದರೆ ಪಳಗಿದ ಆಟಗಾರ ಕಾಯಿಗಳನ್ನು ಹೊಸಬರಿಗಿಂತ ಎಷ್ಟೋ ಚೆನ್ನಾಗಿ ಜೋಡಿಸುತ್ತಾನೆ. ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟು ತೋರಿಸಿದರೆ ಅವನೂ ನಮ್ಮ ಹಾಗೇ. ಮಿದುಳು ಬೇರೆ ಅಲ್ಲ, ಒಳಗೆ ಹೂತಿಟ್ಟ ಗೂಟಗಳು ಬೇರೆ. ಪದ್ಯ ಕಟ್ಟುವ ಪ್ರತಿಭೆ ಎಲ್ಲಿಂದ ಬರುತ್ತದೆ ಅಂತ ಮಾತ್ರ ಶರೀರಶಾಸ್ತ್ರದವನನ್ನು ಕೇಳಬೇಡಿ.

ಪ್ರಶ್ನೆ: ಹಾಸನದಲ್ಲಿರುವ ಅಮ್ಮನಿಗೆ 76. ಒಂದೇ ಕಾಲ್‌ನಲ್ಲಿ ಮೂರು ಸಲ ‘ತಿಂಡಿ ಆಯ್ತಾ ಮಗಾ?’ ಅಂತ ಕೇಳ್ತಾರೆ. ಬಿಪಿ ಮಾತ್ರೆ ತಗೊಂಡಿದ್ದು ನೆನಪಿರಲ್ಲ. ಆದರೆ 1968ರ ತಮ್ಮ ಮದುವೆಯಲ್ಲಿ ಯಾರು ಮುನಿಸಿಕೊಂಡು ಊಟ ಬಿಟ್ಟು ಹೋದರು ಅಂತ ಹೆಸರು ಸಮೇತ ಹೇಳ್ತಾರೆ. ಅಣ್ಣ ‘ಅರವತ್ತಕ್ಕೆ ಅರಳು ಮರಳು, ಬಿಡು’ ಅಂತಾನೆ. ಬಿಡೋದಾ?
– ಸ್ಯಾನ್ ಹೊಸೆ, ಅಮೆರಿಕ

ಉತ್ತರ: ಬಿಡಬೇಡಿ. ಹಳೆಯದು ನೆನಪಿದೆ, ಹಾಗಾಗಿ ನೆನಪಿನ ಶಕ್ತಿ ಚೆನ್ನಾಗಿದೆ ಅಂತ ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. ಅದು ತಪ್ಪು. ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಕೊನೆಗೆ ಅನ್ನುವುದನ್ನು ಫ್ರಾನ್ಸಿನ ರಿಬೋ 1881ರಲ್ಲೇ ಬರೆದಿದ್ದ. ಕಾರಣ ಈಗ ನಿಮಗೇ ಹೊಳೆದಿರಬಹುದು. ಮದುವೆಯ ಕತೆ ಐವತ್ತು ವರ್ಷದಲ್ಲಿ ಎಷ್ಟು ಸಲ ಹೇಳಿದ್ದಾರೋ, ಅದು ಹಿಪೊಕ್ಯಾಂಪಸ್‌ನ ಹಂಗು ಹೆಚ್ಚು ಕಡಿಮೆ ಕಳಚಿಕೊಂಡು ಮಿದುಳಿನ ಹೊರಪದರದಲ್ಲಿ ಹರಡಿಕೊಂಡಿದೆ. ಇವತ್ತಿನ ಮಾತ್ರೆ ಉಳಿಯಬೇಕಾದರೆ ಹಿಪೊಕ್ಯಾಂಪಸ್ ಬೇಕೇ ಬೇಕು. ಆಲ್ಜೈಮರ್ ಅನ್ನುವ ಮರೆವಿನ ಕಾಯಿಲೆ ಸಾಮಾನ್ಯವಾಗಿ ಮೊದಲು ಕೈ ಹಾಕುವುದು ಅಲ್ಲಿ, ಮತ್ತು ಅದರ ಪಕ್ಕದಲ್ಲಿ.

ಹಾಗಂತ ಇದು ಆಲ್ಜೈಮರ್ರೇ ಅಂತ ಪತ್ರ ಓದಿ ಹೇಳಲು ನಾನು ಯಾರು? ಬಿ12 ಕೊರತೆ ಸಸ್ಯಾಹಾರಿಗಳಲ್ಲಿ ತುಂಬಾ ಕಾಣುತ್ತದೆ, ಥೈರಾಯ್ಡ್ ಇರಬಹುದು, ಖಿನ್ನತೆ ಇರಬಹುದು, ಕೆಲವು ನಿದ್ದೆಮಾತ್ರೆಗಳೂ ಹೀಗೆ ಮಾಡುತ್ತವೆ, ಕಿವಿ ಸರಿಯಾಗಿ ಕೇಳದಿದ್ದರೂ ಮರೆವಿನ ಹಾಗೇ ಕಾಣುತ್ತದೆ. ಇವುಗಳಲ್ಲಿ ಹಲವನ್ನು ಸರಿಮಾಡಬಹುದು. ಅದಕ್ಕೇ ಬೇಗ ತೋರಿಸಬೇಕು. ಊರಿನ ಫಿಜಿಶಿಯನ್ ಹತ್ತಿರ ರಕ್ತಪರೀಕ್ಷೆ ಮಾಡಿಸಿ, ಆಮೇಲೆ ನ್ಯೂರಾಲಜಿಸ್ಟ್. ಬೆಂಗಳೂರಿನ ನಿಮ್ಹಾನ್ಸ್‌ಗೂ ಹೋಗಬಹುದು. ಅಲ್ಲಿಯವರೆಗೆ ವಾರದ ಏಳು ದಿನದ ಖಾನೆಗಳಿರುವ ಮಾತ್ರೆ ಡಬ್ಬಿ ತರಿಸಿಕೊಡಿ, ಸೋಮವಾರದ ಖಾನೆ ಖಾಲಿ ಇದ್ದರೆ ಮಾತ್ರೆ ಆಯಿತು ಅಂತ ಅರ್ಥ. ‘ಆಗ್ಲೇ ಹೇಳಿದ್ನಲ್ಲಮ್ಮಾ’ ಅನ್ನಬೇಡಿ. ಮೂರನೇ ಸಲವೂ ತಿಂಡಿ ಆಯ್ತು ಅಂದುಬಿಡಿ.

ಪ್ರಶ್ನೆ: ಚಿಕ್ಕವಳಿದ್ದಾಗ ಮೈಸೂರು ದಸರಾ ಜಂಬೂಸವಾರಿಯನ್ನು ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಅಣ್ಣ ಹೇಳ್ತಾನೆ, ಹೆಗಲ ಮೇಲಿದ್ದವನು ಅವನಂತೆ, ನಾನು ಅಮ್ಮನ ಕೈ ಹಿಡಿದು ಅಳುತ್ತಿದ್ದೆನಂತೆ! ಅಪ್ಪ ಈಗಿಲ್ಲ. ಯಾರದು ಸುಳ್ಳು?
– ನಂಜನಗೂಡು

ಉತ್ತರ: ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನೆನಪು ಫೋಟೋ ಅಲ್ಲ. ಕರೆದಾಗಲೆಲ್ಲ ಚೂರುಗಳನ್ನು ಸೇರಿಸಿ ಮತ್ತೆ ಕಟ್ಟುತ್ತೇವೆ, ಕಟ್ಟುವಾಗ ಈಗ ಕೈಗೆ ಸಿಕ್ಕಿದ್ದೂ ಸೇರಿಕೊಳ್ಳುತ್ತದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಪಾಮರ್ ಒಂದು ಕಾರು ಅಪಘಾತದ ಚಿತ್ರ ತೋರಿಸಿ ಪ್ರಶ್ನೆ ಕೇಳಿದರು. ಕಾರುಗಳು ‘ತಾಗಿದಾಗ’ ವೇಗ ಎಷ್ಟಿತ್ತು ಅಂತ ಕೆಲವರನ್ನು, ‘ಗುದ್ದಿ ನುಚ್ಚುನೂರಾದಾಗ’ ಎಷ್ಟಿತ್ತು ಅಂತ ಉಳಿದವರನ್ನು. ಎರಡನೆಯವರು ವೇಗ ಜಾಸ್ತಿ ಹೇಳಿದರು. ವಾರ ಬಿಟ್ಟು ಕೇಳಿದಾಗ ಇಲ್ಲದ ಒಡೆದ ಗಾಜನ್ನೂ ಅವರಲ್ಲಿ ಹೆಚ್ಚು ಜನ ನೋಡಿದ್ದರು.

2000ದಲ್ಲಿ ಕರೀಂ ನಾದರ್ ಮತ್ತು ಜೊತೆಗಾರರು ಇಲಿಗಳಲ್ಲಿ ಇನ್ನೂ ವಿಚಿತ್ರವಾದದ್ದನ್ನು ಕಂಡರು. ಗಟ್ಟಿಯಾಗಿ ಕೂತ ಹೆದರಿಕೆಯ ನೆನಪನ್ನು ಒಮ್ಮೆ ಎಬ್ಬಿಸಿ, ಆ ಹೊತ್ತಿಗೆ ಅಮಿಗ್ಡಲಾದಲ್ಲಿ ಪ್ರೋಟೀನ್ ತಯಾರಿಕೆ ತಡೆದರೆ ಆ ಹಳೆಯ ನೆನಪೇ ಸೊರಗುತ್ತದೆ. ಗೋಲ್ಡ್‌ಫಿಷ್ ಕತೆ ಹೇಳುವಾಗ ಕಾಂಕ್ರೀಟ್ ಒಂದು ಸಲ ಸೆಟ್ ಆದರೆ ಮುಗೀತು ಅಂದೆನಲ್ಲ, ಆ ಮಾತು ಪೂರ್ತಿ ಸರಿಯಲ್ಲ. ನೆನಪಿಸಿಕೊಂಡಾಗ ಅದು ಸ್ವಲ್ಪ ಹೊತ್ತು ಮತ್ತೆ ಹಸಿಯಾಗಬಹುದು. ನೀವು ಪ್ರತಿ ದಸರೆಗೂ ಆ ಕತೆ ಹೇಳಿಕೊಂಡಿರುತ್ತೀರಿ, ಅಣ್ಣನೂ ಹೇಳಿಕೊಂಡಿರುತ್ತಾನೆ. ಇಬ್ಬರಿಗೂ ಹೆಗಲು ಬೇಕಿತ್ತು ಅಂತ ಕಾಣುತ್ತದೆ.

ಒಂದು ಕೆಲಸ ಮಾಡಿ. ಕಣ್ಣು ಮುಚ್ಚಿ ಆ ದೃಶ್ಯ ನೆನೆಸಿಕೊಳ್ಳಿ. ಆನೆಯ ಮೇಲಿನ ಅಂಬಾರಿ ಮಾತ್ರ ಕಾಣುತ್ತದಾ, ಅಥವಾ ಅಪ್ಪನ ಹೆಗಲ ಮೇಲೆ ಕೂತ ಪುಟ್ಟ ಹುಡುಗಿಯೂ ಕಾಣುತ್ತಾಳಾ? ಹುಡುಗಿಯೂ ಕಾಣುತ್ತಿದ್ದರೆ ಆ ಚಿತ್ರವನ್ನು ಆಮೇಲೆ ಕಟ್ಟಿದ್ದು, ಯಾಕೆಂದರೆ ಅವತ್ತು ನಿಮ್ಮ ಕಣ್ಣಿಗೆ ನೀವು ಕಾಣಲು ಸಾಧ್ಯವಿರಲಿಲ್ಲ. ಹಳೆಯ ನೆನಪುಗಳಲ್ಲಿ ಇದು ಎಲ್ಲರಿಗೂ ಆಗುತ್ತದೆ, ಅಷ್ಟರಿಂದಲೇ ನೀವು ಹೆಗಲ ಮೇಲೆ ಕೂತಿರಲಿಲ್ಲ ಅಂತ ಆಗುವುದಿಲ್ಲ. ಇದೇ ಪ್ರಶ್ನೆ ಅಣ್ಣನಿಗೂ ಕೇಳಿ. ಅವನೇನಂದ ಅಂತ ನನಗೂ ಒಂದು ಕಾರ್ಡ್ ಬರೆಯಿರಿ.